ಅಣ್ಣನ ಎಡಗೈ ಮತ್ತು ಒಂದು ಸೊನ್ನೆ

ಕುಂದಾಪುರದ ನನ್ನ ಅಂಗಡಿಗೆ ಬರುವವರ ಪ್ರಶ್ನೆಗಳು ಇಷ್ಟು ವರ್ಷವಾದರೂ ಹೆಚ್ಚು ಬದಲಾಗಿಲ್ಲ. ಯಾವ ವಿಂಡೋಸ್ ಹಾಕಿಸಿದರೆ ಒಳ್ಳೆಯದು? ಸಿನಿಮಾ, ಫೋಟೊ, ಮದುವೆ ವಿಡಿಯೋ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮನೆಯ ಎಲ್ಲ ಕೋಣೆಗಳಲ್ಲೂ ನೋಡುವ ಹಾಗೆ ಮಾಡಬಹುದೇ? ಈ ಗೇಮು ಈ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನನ್ನ ಗಿರಾಕಿಗಳು ಒಳಗೆ ಬರುವ ಮೊದಲು ಇವತ್ತು ಮುಖ ಹೇಗಿದೆ ಎಂದು ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿಕೊಂಡು ಬರುತ್ತಾರಂತೆ. ಆದರೂ ಬರುತ್ತಾರೆ, ನಾನೂ ಹೇಳುತ್ತೇನೆ. ಹೊಸ ಓಎಸ್ ಬಂದ ವಾರವೇ ಹಾಕಿಸಿಕೊಳ್ಳಬೇಡಿ, ಆರು ತಿಂಗಳು ಬೇರೆಯವರು ಒದ್ದಾಡಲಿ. ಬೇಕಾದ ಫೈಲುಗಳನ್ನು ಸಿ ಡ್ರೈವಿನಲ್ಲಿ ಇಡಬೇಡಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಕಡಲ ಗಾಳಿಗೆ ಸ್ಕ್ರೂ ಕೂಡ ತುಕ್ಕು ಹಿಡಿಯುತ್ತದೆ. ಆನ್ ಆಗದಿದ್ದರೆ ಗಾಬರಿಯಾಗುವ ಮೊದಲು ರ್‍ಯಾಮ್ ತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿ ನೋಡಿ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಾಲದು, ಫೋನಿನ ವಯರನ್ನೂ ಕೀಳಿ. ಇವೆಲ್ಲ ಯಾರು ಬೇಕಾದರೂ ಹೇಳಬಹುದಾದ ಮಾತು. ಇನ್ನೊಂದು ಸಲಹೆ ಇದೆ. ಅದನ್ನು ನಾನು ನನ್ನ ಅಣ್ಣನಿಂದ ಕಲಿತೆ, ಅವನು ಅದನ್ನು ಕಲಿಸಬೇಕೆಂದು ಕಲಿಸಿದ್ದಲ್ಲ.

ನಮ್ಮ ಮನೆ ಹೊಳೆಯ ಆಚೆ, ಗಂಗೊಳ್ಳಿಯಲ್ಲಿ. ಅಪ್ಪ ಮೀನುಗಾರಿಕೆ ಮಾಡಿದವರು, ಅವರ ಅಪ್ಪನೂ ಅದನ್ನೇ ಮಾಡಿದವರು. ನನಗೆ ಬೋಟು ಹತ್ತಿದರೆ ವಾಂತಿ. ಹಾಗಾಗಿ ನಾನು ಆರು ತಿಂಗಳ ಕೋರ್ಸು ಮಾಡಿ, ತೊಂಬತ್ತೆಂಟರಲ್ಲಿ ಕುಂದಾಪುರದ ಒಂದು ಮಹಡಿ ಮೆಟ್ಟಿಲ ಕೆಳಗೆ ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟೆ. ಅಣ್ಣ ಬೋಟಿನ ತಾಂಡೇಲನಾದ. ತಾಂಡೇಲ ಎಂದರೆ ಚುಕ್ಕಾಣಿ ಹಿಡಿಯುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನೂ ಅವನೇ. ಬೋಟಿನಲ್ಲಿ ಅಣ್ಣ ಸೇರಿ ಏಳು ಜನ. ಏಳು ಮನೆಗಳ ಹೆಂಗಸರು ಅಣ್ಣನ ಎರಡು ಕೈಗಳನ್ನು ನಂಬಿ ನಿದ್ದೆ ಮಾಡುತ್ತಿದ್ದರು.

ಎರಡು ಸಾವಿರದ ಮೂರರ ಜನವರಿಯಲ್ಲಿ ಬಲೆ ಎಳೆಯುವ ವಿಂಚ್ ಯಂತ್ರದ ರೋಪಿಗೆ ಅಣ್ಣನ ಬಲಗೈ ಸಿಕ್ಕಿತು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು, ನಡುವಿನ ಮೂರು ಹೋದವು. ಆಸ್ಪತ್ರೆಯಿಂದ ಬಂದ ಮೇಲೆ ನೋವಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಅವನನ್ನು ಮುರಿದದ್ದು ಊಟ. ಬಲಗೈಯಲ್ಲಿ ಅನ್ನ ಕಲಸಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಅವನು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಎಡಗೈ ಯಾವುದಕ್ಕೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ದೇವರ ಮುಂದೆ ಚಾಚುವಂತಿಲ್ಲ. ಅತ್ತಿಗೆ ಚಮಚ ಇಟ್ಟು, ಬಟ್ಟಲನ್ನು ಹಿಂದಿನ ಕೋಣೆಗೆ ಒಯ್ದು ಕೊಡುತ್ತಿದ್ದರು. ಅಣ್ಣ ಬಾಗಿಲು ಹಾಕಿಕೊಂಡು, ಉಳಿದ ಎರಡು ಬೆರಳಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ಯಾರಾದರೂ ನೋಡಲು ಬಂದರೆ ಬಲಗೈ ಮೇಲೆ ಬೈರಾಸು, ಅಂದರೆ ಮೈ ಒರೆಸುವ ಟವೆಲು, ಹೊದಿಸಿಕೊಂಡು ಕೂರುತ್ತಿದ್ದ. ಆಮೇಲಾಮೇಲೆ ಬಂದವರಿಗೆ ಮಲಗಿದ್ದಾನೆ ಎಂದು ಹೇಳಿಸುತ್ತಿದ್ದ.

ಅಲ್ಲಿಂದ ಮೇ ತಿಂಗಳವರೆಗೆ ಬೋಟನ್ನು ಅದರ ಎರಡನೇ ಆಳು ನಡೆಸಿದ. ಅಣ್ಣನಿಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣನ ಪಕ್ಕದಲ್ಲೇ ನಿಂತು ಕಲಿತವನು. ಜೂನಿನಲ್ಲಿ ಮಳೆಗಾಲದ ರಜೆಗೆ ಬೋಟುಗಳು ದಡಕ್ಕೆ ಬಂದವು. ಮುಂದಿನ ಹಂಗಾಮಿಗೆ ಚುಕ್ಕಾಣಿ ಯಾರದು ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಎಲ್ಲರೂ ಅಣ್ಣನೇ ಹೇಳಲಿ ಎಂದು ಕಾಯುತ್ತಿದ್ದರು.

ಆ ಮಳೆಗಾಲದಲ್ಲೇ ನಾನು ಅಂಗಡಿಯಲ್ಲಿ ಉಳಿದಿದ್ದ ಬಿಡಿಭಾಗಗಳನ್ನು ಜೋಡಿಸಿ ಒಂದು ಕಂಪ್ಯೂಟರ್ ಮಾಡಿ, ತ್ರಾಸಿ ಊರಿನ ಮೇಲೆ ಸುತ್ತಿ ಬರುವ ಬಸ್ಸಿನಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ವಿಂಡೋಸ್ ತೊಂಬತ್ತೆಂಟು ಹಾಕಿದ್ದೆ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಮೌಸ್ ಎಂಬಲ್ಲಿ ಒತ್ತಿ, ಎಡಗೈ ಎಂಬುದರ ಮುಂದೆ ಒಂದು ಚುಕ್ಕೆ ಇಟ್ಟೆ. ಅಷ್ಟೇ ಕೆಲಸ, ಎರಡು ಗುಂಡಿಗಳು ಅದಲುಬದಲಾದವು. ಎರಡು ಕೀಲಿ ಒಟ್ಟಿಗೆ ಒತ್ತಲಾಗದವರಿಗೆ ಒಂದರ ನಂತರ ಒಂದು ಒತ್ತಿದರೂ ನಡೆಯುವ ಹಾಗೆ ಒಂದು ಏರ್ಪಾಡು ಇರುತ್ತದೆ, ಅದನ್ನೂ ಮಾಡಿದೆ. ಇದು ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ, ಕೈಯಲ್ಲಿ ಶಕ್ತಿ ಇಲ್ಲದ ಎಷ್ಟೋ ಮುದುಕರಿಗೆ ನಾನು ಆಮೇಲೆ ಮಾಡಿಕೊಟ್ಟಿದ್ದೇನೆ. ಅಂದು ಆ ಚುಕ್ಕೆ ಇಟ್ಟು, ಸರಿಯಾಗಿದೆಯೇ ಎಂದು ಎರಡೆರಡು ಸಲ ನೋಡಿದೆ. ನಮ್ಮ ಇಡೀ ಮನೆಯಲ್ಲಿ ಎಡಗೈಯನ್ನು ತಕರಾರಿಲ್ಲದೆ ಒಪ್ಪಿಕೊಂಡದ್ದು ಆ ಕಂಪ್ಯೂಟರ್ ಒಂದೇ.

ಅಣ್ಣನಿಗಾಗಿ ಒಂದು ಗೇಮು ಹುಡುಕಿ ತಂದಿದ್ದೆ, ಮೋಟಾರ್ ದೋಣಿಗಳ ರೇಸು. ಬಂಡೆಗಳ ನಡುವೆ ಐದು ತಿರುವು, ಜೊತೆಗೆ ಓಡುವ ಬೇರೆ ದೋಣಿಗಳು. ತಿರುಗಿಸುವ ಕೀಲಿಗಳು ಬಲಗಡೆ ಇದ್ದವು, ಅವನ್ನು ಎಡಗೈ ಬೆರಳಿಗೆ ಸಿಗುವ ಅಕ್ಷರಗಳಿಗೆ ಬದಲಾಯಿಸಿಕೊಟ್ಟೆ. ಅಣ್ಣ ಮೊದಲು ದೂರ ನಿಂತು ನೋಡಿ ನೀರನ್ನೇ ಹಾಸ್ಯ ಮಾಡಿದ.

"ಇದ್ ಕಡ್ಲ್ ಅಲ್ಲ ಮಾರಾಯ, ಕೆರಿ. ಕಡ್ಲ್ ಹಿಂಗ್ ತಣ್ಣಗೆ ಇರುದಿಲ್ಲೆ."

ಹಾಗೆಂದವನು ಕೂತ. ಮೊದಲ ತಿರುವಿಗೇ ದೋಣಿ ಬಂಡೆಗೆ ಬಡಿದು ಚೂರಾಯಿತು. ಮತ್ತೆ ಶುರು ಮಾಡಿದ, ಮತ್ತೆ ಚೂರಾಯಿತು. ಎಡಗೈ ಬೆರಳುಗಳು ಅವನ ಮಾತು ಕೇಳುತ್ತಿರಲಿಲ್ಲ. ಎಷ್ಟನೆಯದೋ ಸಲಕ್ಕೆ ಎದ್ದು ಹೋದ. ಮರುದಿನ ಕೂರಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ಸಹಿಸಲಾಗಲಿಲ್ಲ. ತಂದದ್ದು ಅವನಿಗೆ ಇನ್ನೊಂದು ಸೋಲನ್ನು ತೋರಿಸಲಿಕ್ಕೆ ಎಂಬಂತಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಆ ಕಾಲದ ಗೇಮುಗಳ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯದ ಫೈಲು ಇರುತ್ತಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲುಸಾಲಾಗಿ ಅಂಕಿಗಳು. ಒಂದು ಸಾಲು, ದೋಣಿಗೆ ಬಡಿತದಿಂದ ಎಷ್ಟು ಹಾನಿಯಾಗಬೇಕು ಎಂಬುದು. ಅಣ್ಣ ಪೇಟೆಗೆ ಹೋಗಿದ್ದಾಗ ಅಲ್ಲಿದ್ದ ಒಂದು ಎಂಬ ಅಂಕಿಯನ್ನು ಅಳಿಸಿ ಸೊನ್ನೆ ಹಾಕಿದೆ. ಎದುರಿನ ದೋಣಿಗಳ ವೇಗವನ್ನೂ ಇಳಿಸಿದೆ. ಸೇವ್ ಮಾಡಿ ಮುಚ್ಚಿದೆ. ಅಣ್ಣ ಬಂದ ಮೇಲೆ, ಒಂದು ಸಲ ನೋಡು, ಮೊನ್ನೆ ಅದರಲ್ಲೊಂದು ದೋಷ ಇತ್ತು, ಸರಿ ಮಾಡಿದ್ದೇನೆ ಎಂದು ಹೇಳಿ ಕೂರಿಸಿದೆ. ನಾನು ಹೇಳಿದ ಮೊದಲನೇ ಸುಳ್ಳು ಅದು.

ಅವನು ಬಂಡೆಗೆ ಒರಸಿಕೊಂಡೇ ತಿರುವು ದಾಟಿದ. ದೋಣಿಗೆ ಏನೂ ಆಗಲಿಲ್ಲ. ಐದೂ ತಿರುವು ಮುಗಿಸಿ ಎರಡನೆಯವನಾಗಿ ಬಂದ. ಸಂಜೆಯೊಳಗೆ ಮೊದಲನೆಯವನಾದ. ನಾನು ಹಿಂದೆ ನಿಂತು ಚಪ್ಪಾಳೆ ಹೊಡೆದೆ. ಅಮ್ಮ ಅಡಿಗೆಮನೆಯಿಂದ ಬಂದು ನೋಡಿ, ಏನು ಗೆದ್ದನೆಂದು ಗೊತ್ತಾಗದಿದ್ದರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲಿನ ಐದಾರು ವಾರ ನಮ್ಮ ಮನೆಗೆ ಜೀವ ಬಂತು. ನಾನು ಅಂಗಡಿ ಮುಚ್ಚಿ ಬರುವಾಗ ಅಣ್ಣ ಕಂಪ್ಯೂಟರಿನ ಮುಂದೆ ಇರುತ್ತಿದ್ದ, ಅವನ ಬೆನ್ನು ನೆಟ್ಟಗಿರುತ್ತಿತ್ತು. ಕೈಮೇಲಿನ ಬೈರಾಸು ಹೋಯಿತು. ಜಗಲಿಯಲ್ಲಿ ಕೂತು ಬಂದವರೊಡನೆ ಮಾತಾಡತೊಡಗಿದ. ಉಣ್ಣುವಾಗ ಮಾತ್ರ ಈಗಲೂ ಒಳಗೆ ಹೋಗುತ್ತಿದ್ದ. ಪ್ರತಿ ಗೆಲುವನ್ನೂ ನನಗೆ ತೋರಿಸುತ್ತಿದ್ದ, ನಾನು ಪ್ರತಿ ಸಲವೂ ಚಪ್ಪಾಳೆ ಹೊಡೆಯುತ್ತಿದ್ದೆ. ನನಗೆ ಹೆಮ್ಮೆಯಿತ್ತು. ಡಾಕ್ಟರಿಗೆ ಆಗದ್ದನ್ನು ನಾನು ಒಂದು ಸೊನ್ನೆಯಲ್ಲಿ ಮಾಡಿದೆ ಎಂದುಕೊಂಡಿದ್ದೆ.

ಜುಲೈ ಕೊನೆಯಲ್ಲಿ, ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿದ್ದಾಗ, ಆ ಎರಡನೇ ಆಳು ಬಲೆ ಕಟ್ಟುವ ಕೆಲಸ ಮುಗಿಸಿ ಬಂದು ಕೂತಿದ್ದ. ಅಣ್ಣ ತಣ್ಣಗೆ ಹೇಳಿದ.

"ಈ ಸಲ ಬೋಟ್ ನಾನೇ ಹಿಡಿತೆ."

ಅಮ್ಮ, ಅತ್ತಿಗೆ ಇಬ್ಬರೂ ಏನೂ ಅನ್ನಲಿಲ್ಲ. ಅನ್ನುವಂತಿರಲಿಲ್ಲ. ಕಡಲಿಗೆ ಹೋಗುತ್ತೇನೆ ಎಂದವನಿಗೆ ನಮ್ಮಲ್ಲಿ ಬೇಡ ಎನ್ನಬಾರದು. ಎಲ್ಲಿಗೆ, ಯಾವಾಗ ಬರುತ್ತೀ ಎಂದು ಕೇಳುವುದೂ ಇಲ್ಲ. ನಮ್ಮ ಕೇರಿಯಲ್ಲಿ ಒಬ್ಬಾಕೆ ಒಂದು ಬೆಳಿಗ್ಗೆ ಗಂಡನಿಗೆ ಇವತ್ತು ಬೇಡ ಎಂದಿದ್ದರಂತೆ. ಅವನು ನಕ್ಕು ಹೋದ, ಮರಳಲಿಲ್ಲ. ಸಾಯುವವರೆಗೂ ಆಕೆಯನ್ನು ಯಾರೂ ಬೋಟುಗಳ ಹತ್ತಿರ ಬರಗೊಡಲಿಲ್ಲ. ನಮ್ಮ ಮನೆಯ ಹೆಂಗಸರು ಆ ಒಂದು ಮಾತನ್ನು ನುಂಗುವುದನ್ನು ಚಿಕ್ಕಂದಿನಿಂದ ಕಲಿತಿರುತ್ತಾರೆ.

ಎಷ್ಟೋ ವರ್ಷ ಕಡಲಲ್ಲಿ ಇದ್ದವನು, ಅವನಿಗೆ ಗೊತ್ತಿಲ್ಲದ್ದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ಅಣ್ಣ ಅಳಿವೆ ದಾಟುವ ಬಗೆಯನ್ನು ಎರಡನೇ ಆಳಿಗೆ ಎಡಗೈಯಲ್ಲಿ ಗಾಳಿಯಲ್ಲೇ ತೋರಿಸತೊಡಗಿದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಳೆಗಾಲದ ಕೊನೆಗೆ ಮರಳು ಎಲ್ಲಿ ಕೂತಿದೆ ಎಂದು ಹೇಳಲಾಗದು. ಅಲ್ಲಿ ನಿಲ್ಲಬೇಕು, ಅಲೆ ಎಣಿಸಬೇಕು, ದೊಡ್ಡವು ಹೋಗುವವರೆಗೆ ಕಾದು ಸಂದು ನೋಡಿ ನುಗ್ಗಬೇಕು. ಇದನ್ನು ಚಿಕ್ಕವನಿದ್ದಾಗ ನನಗೆ ಹೇಳಿಕೊಟ್ಟವನು ಅಣ್ಣನೇ. ಈಗ ಅವನು ಹೇಳಿದ್ದು ಬೇರೆ.

"ಹೆದ್ರಿ ನಿಧಾನ ಮಾಡುಕಾಗ. ಬದಿಗ್ ಒರ್ಸ್ಕಂಡ್ರೂ ಅಡ್ಡಿಲ್ಲೆ, ಒಂದೇ ಸವನೆ ಹೋಯ್ಕ್."

ಅದು ಕಡಲಿನ ಪಾಠವಲ್ಲ. ಬದಿಗೆ ಒರಸಿಕೊಂಡರೂ ಅಡ್ಡಿಯಿಲ್ಲ ಎಂಬುದನ್ನು ಅವನ ಎಡಗೈಗೆ ಕಲಿಸಿದ್ದು ನನ್ನ ಸೊನ್ನೆ. ಎರಡನೇ ಆಳು ತಲೆ ಬಗ್ಗಿಸಿ ಕೂತಿದ್ದ. ತಾಂಡೇಲನ ಮಾತಿಗೆ ಅವನು ಎದುರು ಹೇಳುವವನಲ್ಲ.

ಎರಡು ದಿನ ಅಂಗಡಿಯಲ್ಲಿ ಕಂಡಕಂಡವರ ಮೇಲೆ ಹರಿಹಾಯ್ದೆ. ಬಿಜೂರಿನಿಂದ ಬಸ್ಸಿನಲ್ಲಿ ಮಾನಿಟರ್ ಹೊತ್ತು ತಂದ ಒಬ್ಬ ಮೇಷ್ಟ್ರಿಗೆ, ಬಣ್ಣ ಹೋಗಿಲ್ಲ ಸ್ವಾಮಿ, ನಿಮ್ಮ ಕೇಬಲ್ಲು ಸಡಿಲ, ಅಷ್ಟೂ ನೋಡಲಾಗುವುದಿಲ್ಲವೇ ಎಂದು ಬೈದೆ. ಅವರು ಪಾಪ ಬೇಸರದಿಂದ ಹೋದರು. ಸೊನ್ನೆಯ ವಿಷಯ ಹೇಳಿದರೆ ಅಣ್ಣ ಮತ್ತೆ ಆ ಹಿಂದಿನ ಕೋಣೆ ಸೇರುತ್ತಾನೆ. ಹೇಳದಿದ್ದರೆ ಏಳು ಜನ ಅಳಿವೆಗೆ ಹೋಗುತ್ತಾರೆ. ಹೇಳುವುದು ಬೇಡ ಎಂದಂತೆಯೇ ಅಲ್ಲವೇ, ಏನಾದರೂ ಆದರೆ ನನ್ನ ಬಾಯಿಯೇ ಕಾರಣ ಎನ್ನುವುದಿಲ್ಲವೇ ಎಂದೂ ಹೆದರಿದೆ. ನಾನು ಧೈರ್ಯಸ್ಥನಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮೂರನೇ ದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋದೆ. ಹೊರಗೆ ಜಡಿಮಳೆ. ಅಣ್ಣ ಆಡುತ್ತಿದ್ದ. ಹಿಂದೆ ನಿಂತವನು ಈ ಸಲ ಚಪ್ಪಾಳೆ ಹೊಡೆಯಲಿಲ್ಲ. ಬೇಡ ಎಂಬ ಮಾತನ್ನೂ ಆಡಲಿಲ್ಲ.

"ಅಣ್ಣ, ನಾ ಇದ್ರಲ್ ಒಂದ್ ಸುಳ್ಳ್ ಮಾಡಿದ್ದೆ," ಎಂದೆ.

ಎಲ್ಲ ಹೇಳಿದೆ. ಫೈಲು ತೆರೆದು ಸೊನ್ನೆಯನ್ನು ತೋರಿಸಿದೆ. ಬಂಡೆಗೆ ಬಡಿದರೂ ಆ ದೋಣಿ ಒಡೆಯುವುದೇ ಇಲ್ಲ, ಉಳಿದ ದೋಣಿಗಳು ನಿನಗಾಗಿ ನಿಧಾನ ಹೋಗುತ್ತಿದ್ದವು ಎಂದೆ. ಅವನು ಪರದೆಯನ್ನೇ ನೋಡುತ್ತಿದ್ದ.

"ಎಷ್ಟ್ ದಿನದಿಂದ?"

ಮೊದಲ ವಾರದಿಂದ ಎಂದೆ. ಇನ್ನೂ ಬೇರೆ ಯಾರಿಗೆ ಗೊತ್ತು ಎಂದು ಕೇಳಿದ. ಯಾರಿಗೂ ಇಲ್ಲ ಎಂದೆ. "ಮೊದ್ಲ್ ಇದ್ದಂಗೆ ಮಾಡ್," ಎಂದ.

ಸೊನ್ನೆ ಅಳಿಸಿ ಒಂದು ಹಾಕಿದೆ. ಉಳಿದ ದೋಣಿಗಳ ವೇಗವನ್ನೂ ಮೊದಲಿನಂತೆ ಮಾಡಿದೆ. ಅಣ್ಣ ಆಡಿದ. ಮೊದಲ ತಿರುವಿಗೆ ದೋಣಿ ಚೂರಾಯಿತು. ಮತ್ತೆ ಆಡಿದ. ಹತ್ತು ಸಲವೋ ಹನ್ನೆರಡು ಸಲವೋ, ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಸಲವೂ ಮೊದಲ ತಿರುವು ದಾಟಲಿಲ್ಲ. ಕೊನೆಗೆ ಕರೆಂಟು ಹೋಗಿ ಪರದೆ ಕಪ್ಪಾಯಿತು. ಅವನು ಎದ್ದು, ಮಳೆಯಲ್ಲೇ ಬೋಟು ಕಟ್ಟಿದ ಕಡೆಗೆ ನಡೆದ. ಆಮೇಲೆ ಒಂಬತ್ತು ದಿನ ನನ್ನೊಡನೆ ಒಂದೂ ಮಾತಾಡಲಿಲ್ಲ. ಕಂಪ್ಯೂಟರಿಗೆ ಅತ್ತಿಗೆ ಹಳೇ ಸೀರೆ ಹೊದಿಸಿದರು.

ಆಗಸ್ಟಿನಲ್ಲಿ ಕಡಲಪೂಜೆಯಾಗಿ ಬೋಟುಗಳು ಹೊರಟವು. ನಾನು ದಡದಲ್ಲಿದ್ದೆ, ಅಮ್ಮ, ಅತ್ತಿಗೆ ಪಕ್ಕದಲ್ಲಿದ್ದರು. ಅಣ್ಣ ಬೋಟು ಹತ್ತಿದ, ಚುಕ್ಕಾಣಿಯ ಹತ್ತಿರ ಹೋದ. ಅವನು ಚುಕ್ಕಾಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎರಡನೇ ಆಳಿನ ಭುಜ ಹಿಡಿದು ಮುಂದಕ್ಕೆ ತಳ್ಳಿ, ತಾನು ಪಕ್ಕಕ್ಕೆ ಸರಿದು ನಿಂತ. ಅಷ್ಟು ವರ್ಷ ನಿಂತ ಜಾಗದಿಂದ ಅವನು ಸರಿದದ್ದು ಎರಡೇ ಹೆಜ್ಜೆ. ಅತ್ತಿಗೆ ಅಮ್ಮನ ಕೈ ಹಿಡಿದುಕೊಂಡರು.

ಅಳಿವೆಯಲ್ಲಿ ಬೋಟು ನಿಂತಿತು. ಅಣ್ಣನ ಎಡಗೈ ಮೇಲಕ್ಕೆ ಎದ್ದಿದ್ದು ದಡಕ್ಕೂ ಕಾಣುತ್ತಿತ್ತು. ಒಂದು ಅಲೆ ಬಂತು, ಎರಡು ಬಂದವು, ಕೈ ಇಳಿಯಲಿಲ್ಲ. ಕೈ ಇಳಿದಾಗ ಬೋಟು ನುಗ್ಗಿತು. ನಡುವಿನಲ್ಲಿ ಎಲ್ಲಿಂದಲೋ ಒಂದು ಅಡ್ಡ ಅಲೆ ಬಂದು ಮೂತಿಯನ್ನು ಎತ್ತಿ ಪಕ್ಕಕ್ಕೆ ಹೊರಳಿಸಿತು. ನಮಗೆ ಬೋಟಿನ ಒಂದು ಮಗ್ಗುಲು ಪೂರ್ತಿ ಕಂಡಿತು. ಅಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಅದು ನಿಧಾನಕ್ಕೆ ನೆಟ್ಟಗಾಗಿ ಆಚೆ ಹೋಯಿತು.

ನಾಲ್ಕನೇ ದಿನ ಬೋಟು ಮರಳಿತು. ಏಳು ಜನರೂ ನಮ್ಮ ಮನೆಯಲ್ಲೇ ಊಟಕ್ಕೆ ಕೂತರು. ಅಣ್ಣ ಹಿಂದಿನ ಕೋಣೆಗೆ ಹೋಗಲಿಲ್ಲ. ಸಾಲಿನ ತುದಿಯಲ್ಲಿ ಕೂತ. ಅತ್ತಿಗೆ ತಂದಿಟ್ಟ ಚಮಚವನ್ನು ಬದಿಗೆ ಸರಿಸಿ, ಎಡಗೈಯಿಂದ ಅನ್ನಕ್ಕೆ ಮೀನಿನ ಸಾರು ಕಲಸಿ ಬಾಯಿಗಿಟ್ಟ. ಉಳಿದವರು ತಮ್ಮ ತಮ್ಮ ಎಲೆ ನೋಡಿಕೊಂಡು ಉಂಡರು. ಅಮ್ಮ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಕೈ ತೊಳೆಯಲು ಬಾವಿಕಟ್ಟೆಗೆ ಬಂದಾಗ ಅವನು ನನ್ನೊಡನೆ ಮಾತಾಡಿದ. ಆ ಅಡ್ಡ ಅಲೆಗೆ ಎರಡನೇ ಆಳು ಎರಡೂ ಕೈಯಿಂದ, ಎದೆ ಕೊಟ್ಟು ಚುಕ್ಕಾಣಿ ಹಿಡಿದಿದ್ದನಂತೆ. ಆದರೂ ಚುಕ್ಕಾಣಿ ಅವನನ್ನೇ ತಿರುಗಿಸಿತಂತೆ. ತನ್ನಿಂದ ಆಗುತ್ತಿರಲಿಲ್ಲ ಎಂದ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ. ನಾನು ತಪ್ಪಾಯಿತು ಎಂದು ಶುರು ಮಾಡಿದೆ. ಅವನು ತಡೆದ.

"ಸುಳ್ಳ್ ಮಾಡ್ದ್ ಹೋಗ್ಲಿ. ನಾ ಗೆದ್ದಾಗೆಲ್ಲ ಹಿಂದ್ ನಿಂತ್ ಚಪ್ಪಾಳೆ ಹೊಡ್ದ್ಯಲ, ಅದೆಂತಕ್?"

ನಾನು ಬಾವಿಯಿಂದ ನೀರು ಸೇದಿ ಅವನ ಕೈಗೆ ಹಾಕಿದೆ. ಪ್ರೀತಿಯಿಂದ ಎಂದರೆ ಅರ್ಧ ಸುಳ್ಳು. ಅವನ ಗೆಲುವಿಗಲ್ಲ, ನನ್ನ ಜಾಣತನಕ್ಕೆ ಹೊಡೆದುಕೊಂಡ ಚಪ್ಪಾಳೆಯೂ ಅದರಲ್ಲಿ ಸೇರಿತ್ತು. ಮನೆಯವರು ಗೆಲ್ಲುವ ಹಾಗೆ ಗೇಮಿನ ಅಂಕಿ ತಿದ್ದಿಕೊಡಿ ಎನ್ನುವ ಗಿರಾಕಿಗಳಿಗೆ ಈಗ ನಾನು ಕೊಡುವ ಸಲಹೆ ಇದು: ತಿದ್ದಬೇಡಿ, ಸೋಲಲು ಬಿಡಿ.

ಅಣ್ಣ ಮತ್ತೆಂದೂ ಚುಕ್ಕಾಣಿ ಹಿಡಿಯಲಿಲ್ಲ. ಹತ್ತು ವರ್ಷ ಪಕ್ಕದಲ್ಲಿ ನಿಂತು ಅಲೆ ಎಣಿಸಿದ. ಅದೇ ಅವನ ಕೆಲಸವಾಯಿತು, ಬೇರೆ ಬೋಟಿನವರೂ ಅವನ ಎಡಗೈ ಇಳಿಯುವುದನ್ನು ನೋಡಿ ನುಗ್ಗುತ್ತಿದ್ದರು. ಆಮೇಲೆ ಮೊಣಕಾಲು ನೋವು ಬಂದು ದಡದಲ್ಲಿ ನಿಂತ.

ಎರಡು ಸಾವಿರದ ಹದಿಮೂರರಲ್ಲಿ ನಾನು ಮನೆಗೊಂದು ಸರ್ವರ್ ಮಾಡಿಟ್ಟೆ. ಅದೇ ಹಳೇ ಪೆಟ್ಟಿಗೆಗೆ ಹೊಸ ಬೋರ್ಡು, ಎರಡು ಹಾರ್ಡ್ ಡಿಸ್ಕು, ಒಂದು ಕೆಟ್ಟರೆ ಇನ್ನೊಂದರಲ್ಲಿ ನಕಲು ಇರಲಿ ಎಂದು. ಫೋಟೊಗಳು, ಯಕ್ಷಗಾನದ ವಿಡಿಯೋಗಳು, ಅಮ್ಮನ ಭಜನೆ ಎಲ್ಲ ಅದರಲ್ಲಿ. ಹಳೇ ಡಿಸ್ಕಿನಿಂದ ಎಲ್ಲವನ್ನೂ ತುಂಬಿಸುವಾಗ ಆ ಗೇಮಿನ ಫೋಲ್ಡರೂ ಬಂತು. ಅಳಿಸಲು ಹೊರಟವನನ್ನು ಅಣ್ಣ ಅದು ಓಡುತ್ತದೆಯೇ ಎಂದು ಕೇಳಿದ. ಹಳೇ ಗೇಮು ಹೊಸ ವಿಂಡೋಸಿನಲ್ಲಿ ಸುಲಭಕ್ಕೆ ಓಡುವುದಿಲ್ಲ. ಫೈಲಿನ ಮೇಲೆ ಮೌಸಿನ ಇನ್ನೊಂದು ಗುಂಡಿ ಒತ್ತಿ, ಹಳೇ ವಿಂಡೋಸಿನಂತೆ ನಡೆಸು ಎಂದು ಗುರುತು ಹಾಕಬೇಕು. ಕೆಲವೊಮ್ಮೆ ಪರದೆಯ ಬಣ್ಣವನ್ನೂ ಇಳಿಸಬೇಕು. ಅಷ್ಟು ಮಾಡಿದೆ. ಶುರು ಮಾಡುವ ಮೊದಲು ಅವನು ಆ ಪಠ್ಯದ ಫೈಲನ್ನು ತೆರೆಸಿ, ಕನ್ನಡಕ ಹಾಕಿಕೊಂಡು ಆ ಸಾಲನ್ನು ನೋಡಿದ. ಒಂದು ಎಂದೇ ಇತ್ತು.

ಎಡಗೈಯಲ್ಲಿ ಆಡಿದ. ಮೊದಲ ತಿರುವಿನಲ್ಲಿ ವೇಗ ಇಳಿಸಿ, ಬಂಡೆಯಿಂದ ದೂರ ಸರಿದು ದಾಟಿದ. ಎರಡನೆಯದನ್ನೂ ದಾಟಿದ. ಉಳಿದ ದೋಣಿಗಳು ಎಷ್ಟೋ ಮುಂದೆ ಹೋಗಿದ್ದವು. ಮೂರನೆಯದರಲ್ಲಿ ಬಡಿದು ಚೂರಾಯಿತು. ನಾನು ಹಿಂದೆ, ಅದೇ ಜಾಗದಲ್ಲಿ, ಕೈ ಕಟ್ಟಿಕೊಂಡು ನಿಂತಿದ್ದೆ. ಅಣ್ಣ ತಿರುಗಿ ನೋಡಿದ.

"ಈಗ ಹೊಡಿ," ಎಂದ.

ಹೊಡೆದೆ. ಕಣ್ಣು ತುಂಬಿ ಪರದೆ ಕಾಣುತ್ತಿರಲಿಲ್ಲ, ಆದರೂ ಅವನು ಸಾಕು ಎನ್ನುವವರೆಗೆ ಹೊಡೆದೆ.